ಹಾಡು ಕೇಳುವ ಗೋಡೆ

ಕಲ್ಲಿಗೆ ಕಿವಿ ಬಂದರೆ ಏನಾದೀತು ಎಂಬುದು ಬೇರೆ ಊರಿನವರಿಗೆ ಬಿಡುವಿನ ಹೊತ್ತಿನ ಮಾತು. ಬೆಳ್ಕೋಡಿಯವರಿಗೆ ಅದೇ ಬದುಕು. ಊರಿನ ಪಡುವಣಕ್ಕೆ, ಅಲೆ ಒಡೆಯುವ ಜಾಗದಿಂದ ಒಂದು ಕೂಗಳತೆ ಆಚೆ, ನೀರಿನಡಿಯಲ್ಲಿ ಕಿವಿಯುಳ್ಳ ಗೋಡೆಯೊಂದು ನಿಂತಿತ್ತು. ಹಾಡು ಕೇಳಿದರೆ ಅದು ಬೆಳೆಯುತ್ತಿತ್ತು. ಕೆಲವು ದಿನ ಹಾಡು ತಪ್ಪಿದರೆ ಸಾಯುತ್ತಿತ್ತು. ಅದು ಸತ್ತರೆ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬೆಳ್ಕೋಡಿ ಎಂಬ ಹೆಸರು ನಕಾಶೆಯಲ್ಲಿ ಮಾತ್ರ ಉಳಿಯುತ್ತಿತ್ತು.

ಆ ಗೋಡೆ ಏಳುವ ಮೊದಲೇ ಕಡಲು ಊರಿನ ರುಚಿ ಕಂಡಿತ್ತು. ಬಲೆ ಒಣಗಿಸುವ ಹೊಯ್ಗೆ ಬಯಲು ಹೋಯಿತು. ಆಮೇಲೆ ರಸ್ತೆ. ಆಮೇಲೆ, ವನಜಾಕ್ಷಿಯ ಅಪ್ಪ ಶ್ರಾವಣದ ಸಂಜೆಗಳಲ್ಲಿ ಕಾವ್ಯ ಓದುತ್ತಿದ್ದ ಭಜನಾ ಮಂದಿರ. ಸರಕಾರ ಲಾರಿಗಟ್ಟಲೆ ಬಂಡೆ ತಂದು ಸುರಿಯಿತು. ಕಡಲು ಅವನ್ನು ಹುರಿಗಡಲೆಯ ಹಾಗೆ ಬಾಯಿಗೆ ಹಾಕಿಕೊಂಡಿತು. ಇನ್ನು ಊರು ಬಿಡುವುದೇ ಸೈ ಎಂದು ಅಧಿಕಾರಿಗಳು ಬಂದು ಹೇಳಿ ಹೋದರು. ಆ ಹೊತ್ತಿಗೆ ಬಂದದ್ದು ತೆರ್ನೆಯವರ ಹಡಗು.

ತೆರ್ನೆ ಎಂದರೆ ಬಡಗಣ ಕಡಲಿನಲ್ಲಿ ಬೊಗಸೆಯಷ್ಟು ದ್ವೀಪಗಳು. ನಮ್ಮ ಒಂದು ತಾಲೂಕಿನಷ್ಟೂ ಜನವಿಲ್ಲದ ದೇಶ. ಅಲ್ಲಿ ಗಣಿಯಿಲ್ಲ, ಸೈನ್ಯವಿಲ್ಲ, ಗಾಳಿಯ ಹೊಡೆತಕ್ಕೆ ಮರವೂ ಬೆಳೆಯುವುದಿಲ್ಲ. ಆ ಜನ ಮೊದಲು ಉಪ್ಪುಮೀನು ಮಾರಿದರು, ಆಮೇಲೆ ಕಂಡವರ ಸರಕನ್ನು ತಮ್ಮ ಹಡಗಿನಲ್ಲಿ ಸಾಗಿಸಿ ಬದುಕಿದರು. ಮೀನು ಮುಗಿದು, ಕಡಲು ಏರತೊಡಗಿದ ಮೇಲೆ ಅವರ ಅಂಗಡಿಯಲ್ಲಿ ಉಳಿದದ್ದು ಒಂದೇ ಸರಕು: ತಮ್ಮನ್ನು ತಾವು ಕಾಯ್ದುಕೊಳ್ಳಲು ಅವರು ಬೆಳೆಸಿಕೊಂಡಿದ್ದ ಹಾಡುಗಲ್ಲು. ಅದನ್ನು ಕೊಳ್ಳುವವರು ಯಾರು? ಮುಳುಗುವವರು. ಮುಳುಗುವವರು ಹೆಚ್ಚಿಗೆ ಇದ್ದದ್ದು ಏಷ್ಯಾದಲ್ಲಿ. ಹೀಗೆ ತೆರ್ನೆಯ ಸಭೆ 'ಮೂಡಣ ಯಾನ' ಎಂಬುದೊಂದನ್ನು ನಿಶ್ಚಯಿಸಿತು. ವರ್ಷಕ್ಕೆ ಒಂದು ಹಡಗು, ಅದರಲ್ಲಿ ಕಲ್ಲಿನ ಬೀಜ, ಒಬ್ಬ ರಾಯಭಾರಿ, ಒಂದಿಷ್ಟು ಹಾಡುಗಾರರು. ಚಟ್ಟಗ್ರಾಮ, ತಿರುಕೋಣಮಲೆ, ಮೆಕಾಂಗ್ ನದಿಯ ಮುಖ, ಜಾವಾದ ತೀರ, ಹೀಗೆ ಬಂದರಿನಿಂದ ಬಂದರಿಗೆ ಹೋಗಿ ಒಪ್ಪಂದ ಮಾಡಿಕೊಂಡು, ಪ್ರತಿ ಬಂದರಿನಲ್ಲೂ ತಮ್ಮ ಒಬ್ಬರನ್ನು ಬಿಟ್ಟು ಮುಂದೆ ಹೋಗುವುದು.

ಬೀಜ ಕೊಟ್ಟು ಹೋದರೆ ಸಾಲದೆ, ಮನುಷ್ಯರನ್ನು ಯಾಕೆ ಬಿಡಬೇಕು ಎಂದು ಊರಿನವರು ಆಗ ಕೇಳಿದ್ದರು. ಅದನ್ನು ಬಿಡಿಸಿ ಹೇಳಿದವಳು ವನಜಾಕ್ಷಿಯೇ. ಕಡಲ ಸದ್ದಿನ ಶಾಸ್ತ್ರ ಓದಿ, ಗೋಡೆಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಊರಿನ ಹುಡುಗಿ ಅವಳು. ಹಾಡುಗಲ್ಲು ನಿಜವಾಗಿ ಕಲ್ಲಲ್ಲ. ಕಪ್ಪೆಚಿಪ್ಪಿಗೂ ಹವಳಕ್ಕೂ ನಡುವಿನ ಒಂದು ಕಿರುಜೀವ. ನೀರಿನಿಂದ ಸುಣ್ಣ ಹೀರಿ ತನ್ನ ಸುತ್ತ ಕಲ್ಲು ಕಟ್ಟಿಕೊಳ್ಳುತ್ತದೆ. ಇಂಥ ಜೀವಗಳು ಜೀವದ ಸದ್ದು ಇರುವಲ್ಲಿ ಮಾತ್ರ ಬೇರೂರುತ್ತವೆ, ಸತ್ತ ಕಡಲಿನಲ್ಲಿ ಚಿಪ್ಪು ತೆರೆಯುವುದಿಲ್ಲ. ತೆರ್ನೆಯವರು ಧ್ವನಿವರ್ಧಕ ಇಳಿಸಿ ನೋಡಿದರು. ಕೆಲವು ದಿನ ತೆರೆದ ಚಿಪ್ಪುಗಳು ಮೋಸ ತಿಳಿದವರ ಹಾಗೆ ಮುಚ್ಚಿಕೊಂಡವು. ಕೊನೆಗೆ ಕೆಲಸಕ್ಕೆ ಬಂದದ್ದು ಮನುಷ್ಯರ ಎದೆ. ಹಾಡುವಾಗ ಎದೆಗೂಡಿನಲ್ಲಿ ಏಳುವ ತಗ್ಗು ನಡುಕ, ಉಸಿರು ಮುಗಿಯುವಾಗಿನ ಅದರ ಇಳಿತ, ಇದನ್ನು ಯಾವ ಯಂತ್ರವೂ ಪೂರಾ ಹೇಳಲಾರದು. ಅದಕ್ಕೇ ಜೆಟ್ಟಿಯ ತುದಿಯಲ್ಲಿ ಒಂದು ದುಂಡು ಕೋಣೆ. ಅದರ ನಡುವೆ ನೀರಿಗಿಳಿದು ಗೋಡೆಯ ಬುಡ ಮುಟ್ಟುವ ಕರಿಯ ಕಂಬ. ಹಾಡುವವರು ಕಂಬವನ್ನು ಅಪ್ಪಿ, ಎದೆಯನ್ನು ಅದಕ್ಕೆ ಒತ್ತಿ ಹಾಡಬೇಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಇನ್ನೂ ಒಂದು ತೊಡಕು. ಮೊಟ್ಟೆಯೊಡೆದಾಗ ಯಾರ ಎದೆಯ ಸದ್ದು ಕೇಳಿತೋ ಅವರನ್ನೇ ಕಲ್ಲು ತಾಯಿ ಎಂದು ತಿಳಿಯುತ್ತದೆ. ಬೇರೆ ದನಿಗೆ ಅದನ್ನು ಒಗ್ಗಿಸಬೇಕೆಂದರೆ ಇಬ್ಬರೂ ಜೊತೆಯಲ್ಲಿ ವರ್ಷಗಟ್ಟಲೆ ಹಾಡಿ, ಮಗುವಿಗೆ ಮೊಲೆ ಬಿಡಿಸಿದ ಹಾಗೆ ಬಿಡಿಸಬೇಕು.

ಬೆಳ್ಕೋಡಿಯ ಪಾಲಿಗೆ ಬಂದ ತಾಯಿಯ ಹೆಸರು ಸಿಗ್ನೆ. ಎತ್ತರದ ಆಳು, ನರೆತ ಜಡೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ನಾಚಿಕೆ. ಹಾಡುಗಾರರು ಛತ್ರದಲ್ಲಿ ಇರಕೂಡದು, ಸಂಸಾರದ ಮನೆಯಲ್ಲಿ ಇರಬೇಕು ಎಂದು ತೆರ್ನೆಯವರ ಕರಾರು. ಅವಳು ವನಜಾಕ್ಷಿಯ ಮನೆಯಲ್ಲಿ ಉಳಿದಳು. ಅಲ್ಲಿದ್ದವರು ವನಜಾಕ್ಷಿ ಮತ್ತು ಅವಳ ಅಮ್ಮ ಗುಲಾಬಿ, ಇಬ್ಬರೇ. ಊರಿಗೆಲ್ಲ ಗುಲಾಬಕ್ಕನಾದ ಆ ಮುದುಕಿಗೆ 'ಸಿಗ್ನೆ' ಎಂಬ ಹೆಸರು ನಾಲಿಗೆಗೆ ಹತ್ತಲಿಲ್ಲ. ಮೂರನೆಯ ದಿನಕ್ಕೆ ಸಿಂಗಾರಮ್ಮ ಎಂದು ಕರೆದಳು, ಅದೇ ನಿಂತಿತು. ಸಿಗ್ನೆ ಕನ್ನಡ ಕಲಿತದ್ದೂ ಅವಳ ಒಲೆಯ ಮುಂದೆಯೇ. ಹಾಗಾಗಿ ಆ ಬಿಳಿಯ ಹೆಂಗಸಿನ ಬಾಯಿಂದ ಬರುತ್ತಿದ್ದದ್ದು ಗುಲಾಬಕ್ಕನ ಕುಂದಾಪುರದ ಕನ್ನಡ, ಮೀನು ಮಾರುವಾಗಿನ ಬೈಗುಳಗಳ ಸಮೇತ. ಒಮ್ಮೆ ಮೀನುಗಾರರ ಸಂಘದ ಅಧ್ಯಕ್ಷ ಶೀನ ಖಾರ್ವಿ ಬೆಳಗಿನ ಹಾಡಿನ ಹೊತ್ತಿಗೆ ಜೆಟ್ಟಿಯ ಪಕ್ಕ ದೋಣಿಯ ಎಂಜಿನ್ ಹಚ್ಚಿದಾಗ, ಸಿಗ್ನೆ ಕಿಟಕಿಯಿಂದ ತಲೆ ಹಾಕಿ ಅವನ ಅಜ್ಜನ ತನಕ ಹೋಗಿ ಬಂದಳಂತೆ. ಅವನು ಅದನ್ನು ಪ್ರಶಸ್ತಿ ಬಂದವನ ಹಾಗೆ ಊರೆಲ್ಲ ಹೇಳಿಕೊಂಡು ತಿರುಗಿದ.

ಬಂದ ಹೊಸದರಲ್ಲಿ ಅವಳಿಗೆ ನಮ್ಮವರು ನೆಂಟರನ್ನು ಕಳಿಸುವ ರೀತಿ ದೊಡ್ಡ ಸೋಜಿಗ. ನೆಂಟರು ಏಳುತ್ತಾರೆ, ಮನೆಯವರು ಇರಿ ಎನ್ನುತ್ತಾರೆ. ಅವರು ಕೂರುತ್ತಾರೆ, ಮತ್ತೆ ಏಳುತ್ತಾರೆ, ಅಂಗಳದಲ್ಲಿ ಒಮ್ಮೆ, ಬೇಲಿಯ ದಣಪೆಯ ಹತ್ತಿರ ಇನ್ನೊಮ್ಮೆ. ಇರಿ ಎನ್ನದೆ ಕಳಿಸಿದರೆ ಅದು ಓಡಿಸಿದ ಹಾಗೆ ಎಂದು ಗುಲಾಬಕ್ಕ ತಿಳಿಸಿ ಹೇಳಿದಳು. ಸಿಗ್ನೆ ನಕ್ಕು, ತಮ್ಮಲ್ಲಿ ಹಾಗೆ ಮಾಡಿದರೆ ಯಾರೂ ಮನೆ ಸೇರುವಂತಿಲ್ಲ ಎಂದಳು. ತೆರ್ನೆಯಲ್ಲಿ ಕಾಗದ ಬರಿಯ ನೆನಪಿಗೆ. ಒಪ್ಪಂದವೆಂದರೆ ಸಾಕ್ಷಿಯ ಮುಂದೆ ಬಾಯಿಂದ ಬಂದ ಮಾತು. ಉಣ್ಣಿಸಿದವರಲ್ಲಿ ಮೂವರು ಇರು ಎಂದರೆ ಇರಲೇಬೇಕು. ಸೈನ್ಯವಿಲ್ಲದ ದೇಶ ಅದು, ಮಾತು ಬಿಟ್ಟರೆ ಅವರಿಗೆ ಕೋಟೆಯಿಲ್ಲ.

ಊರಿನ ಸಹಕಾರಿ ಸಂಘದ ಮಾಳಿಗೆಯಲ್ಲಿ ಗೋಡೆಯ ಕೇಂದ್ರ. ಅಲ್ಲಿ ವನಜಾಕ್ಷಿಯೂ ಅವಳ ಜೊತೆಯವನಾದ ದಿನಕರ ಶೇರಿಗಾರನೂ ಕಿವಿಗೆ ಯಂತ್ರ ಹಾಕಿಕೊಂಡು ಗೋಡೆಯನ್ನು ಆಲಿಸುತ್ತಿದ್ದರು. ಸಿಗ್ನೆ ಹಾಡತೊಡಗಿದಾಗ ನೀರಿನಡಿಯಲ್ಲಿ ಚಿಪ್ಪುಗಳು ತೆರೆಯುವ ಸದ್ದು, ಬಾಣಲೆಯಲ್ಲಿ ಭತ್ತದ ಅರಳು ಸಿಡಿದ ಹಾಗೆ, ಮೊದಲು ಒಂದೊಂದು, ಆಮೇಲೆ ಲಕ್ಷಗಟ್ಟಲೆ. ವನಜಾಕ್ಷಿಗೆ ಅದನ್ನು ಕೇಳಿದಾಗಲೆಲ್ಲ ಕಣ್ಣು ಮುಚ್ಚಿ ಬರುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ಷಟ್ಪದಿಯ ಪದ್ಯವೊಂದನ್ನು ಮುಗಿಸಿ ಉಸಿರು ತೆಗೆದುಕೊಳ್ಳುವಾಗ, ಮಂದಿರ ತುಂಬ ಕೂತ ಜನ 'ಆಹಾ' ಎಂದು ಒಟ್ಟಿಗೆ ಅಲುಗುತ್ತಿದ್ದ ಸದ್ದೂ ಹೀಗೆಯೇ ಇತ್ತು. ಅವಳು ಮಾತು ಕಡಿಮೆಯ ಹೆಂಗಸು. ಕೇಳುವುದೇ ಅವಳ ಪೂಜೆ.

ಕೇಂದ್ರಕ್ಕೆ ಬೇರೆ ಬಂದರುಗಳ ಗೋಡೆಗಳ ಸದ್ದೂ ಬರುತ್ತಿತ್ತು. ಕೆಲಸ ಮುಗಿದ ಮೇಲೆ ಸಿಗ್ನೆ ಬಂದು ತೆರ್ನೆಯ ಸದ್ದನ್ನು ಹಾಕಿಸಿಕೊಂಡು ಕೂರುತ್ತಿದ್ದಳು. ಅಲ್ಲಿ ಹಾಡುತ್ತಿದ್ದವಳು ಅವಳ ತಂಗಿ ಅಸ್ತಾ. ಹಿಂದೆ ತೆರ್ನೆಯ ರಾಜಧಾನಿಯ ಗೋಡೆಗೆ ಅನೇಕ ಹಾಡುಗಾರರಿದ್ದರು. ಏಷ್ಯಾದ ಒಂದೊಂದು ಬಂದರು ಸೇರಿದ ಹಾಗೆ ಒಬ್ಬೊಬ್ಬರೇ ಹೊರಟು, ಮನೆಯ ಗೋಡೆಗೆ ಉಳಿದದ್ದು ಅಸ್ತಾ ಒಬ್ಬಳು. ಊರಿಗೆಲ್ಲ ಅಕ್ಕಿ ಮಾರಿ ಮನೆಯಲ್ಲಿ ಗಂಜಿಗೆ ನೀರೆರೆದ ಹಾಗಾಯಿತು ಎಂದು ದಿನಕರ ಒಮ್ಮೆ ಮೆಲ್ಲಗೆ ಹೇಳಿದ. ಸಿಗ್ನೆ ಕೇಳಿಸಿಕೊಂಡಳು. ಅಕ್ಕಿ ಮಾರದಿದ್ದರೆ ಗಂಜಿಯೂ ಇರುತ್ತಿರಲಿಲ್ಲ ಎಂದಷ್ಟೇ ಅಂದಳು.

ಆ ವರ್ಷ ಅಸ್ತಾಳ ದನಿ ಸವೆಯುತ್ತಿರುವುದು ಕೇಂದ್ರದವರಿಗೂ ತಿಳಿಯಿತು. ಉದ್ದನೆಯ ಸಾಲುಗಳನ್ನು ಅವಳು ನಡುವೆ ಮುರಿಯುತ್ತಿದ್ದಳು, ಕೆಮ್ಮುತ್ತಿದ್ದಳು. ಶರತ್ಕಾಲದ ಬಿರುಗಾಳಿ ಬರುವ ಮೊದಲು ತೆರ್ನೆಯ ಗೋಡೆಗೆ ಎರಡನೆಯ ಎದೆ ಬೇಕಿತ್ತು. ಬೆಳ್ಕೋಡಿಯ ಕರಾರೂ ಮುಗಿಯುತ್ತ ಬಂದಿತ್ತು. ಮಳೆಗಾಲಕ್ಕೆ ಮೊದಲಿನ ಹಡಗಿನಲ್ಲಿ ಸಿಗ್ನೆ ಹೊರಡುವುದು, ಇಲ್ಲಿ ವನಜಾಕ್ಷಿ ಹಾಡುವುದು ಎಂದು ತೀರ್ಮಾನವಾಯಿತು.

ಕೆಲವು ವರ್ಷಗಳಿಂದ ಕಂಬದ ಬಳಿ ಸಿಗ್ನೆಯ ಜೊತೆ ಹಾಡುತ್ತಿದ್ದ ಎರಡನೆಯವಳು ವನಜಾಕ್ಷಿಯೇ. ಊರಿನಲ್ಲಿ ಅನೇಕರನ್ನು ಕಂಬಕ್ಕೆ ಒರಗಿಸಿ ನೋಡಿಯಾಗಿತ್ತು. ಭಜನೆಯವರ ದನಿಗೆ ಕಲ್ಲು ಅಲುಗಲಿಲ್ಲ. ಅಪ್ಪನಿಂದ ಕೇಳಿ ಕೇಳಿ ಬಾಯಿಗೆ ಬಂದ ಷಟ್ಪದಿಗಳನ್ನು ವನಜಾಕ್ಷಿ ಓದಿದಾಗ, ಆ ಉದ್ದ ಉಸಿರಿನ ಏರಿಳಿತಕ್ಕೆ ಒಂದೆರಡು ಅರಳು ಸಿಡಿದವು. ಅಂದಿನಿಂದ ಕಂಬದ ಒಂದು ಮಗ್ಗುಲಿಗೆ ಸಿಗ್ನೆ, ಇನ್ನೊಂದು ಮಗ್ಗುಲಿಗೆ ಅವಳು. ತೆರ್ನೆಯವರು ದೋಣಿಯಲ್ಲಿ ಹುಟ್ಟು ಹಾಕುವಾಗ ಹೇಳುವ ಹಾಡೂ ಕನ್ನಡದ ಪದ್ಯವೂ ಒಂದರ ಬೆನ್ನಿಗೊಂದು ಒರಗಿ ನಡೆದವು. ಆದರೆ ಸಿಗ್ನೆ ಬಾಯಿ ಮುಚ್ಚಿ, ವನಜಾಕ್ಷಿ ಒಬ್ಬಳೇ ಉಳಿದಾಗಲೆಲ್ಲ ಚಿಪ್ಪುಗಳು ಮುಚ್ಚತೊಡಗುತ್ತಿದ್ದವು. ಕಿವಿಯ ಯಂತ್ರದಲ್ಲಿ ಆ ಮೌನ ಹಬ್ಬುವುದನ್ನು ಕೇಳಿ ಅವಳ ಗಂಟಲು ಕಟ್ಟುತ್ತಿತ್ತು. ಗಂಟಲು ಕಟ್ಟಿದರೆ ಉಳಿದವೂ ಮುಚ್ಚುತ್ತಿದ್ದವು. ಕೊನೆಯ ಪರೀಕ್ಷೆಯಲ್ಲಿ ಅರೆವಾಸಿ ತೆರೆದೇ ಉಳಿದವು. ಸಿಗ್ನೆಗೆ ಅಷ್ಟು ಸಾಕು. ಕೈ ಬಿಟ್ಟ ಮೇಲಲ್ಲವೇ ಮಗು ನಡೆಯುವುದು ಎಂದಳು. ವನಜಾಕ್ಷಿ ತಲೆಯಾಡಿಸಿದಳು. ಮನಸ್ಸು ತಲೆಯಾಡಿಸಲಿಲ್ಲ. ಬಿದ್ದರೆ ಬೀಳುವುದು ಮಗುವಲ್ಲ, ಮುನ್ನೂರು ಮನೆ.

ಹಡಗು ಬಂತು. ಯೋರುನ್ ಎಂಬ ರಾಯಭಾರಿ ಇಳಿದ. ಹಾಡುಗಾರರನ್ನು ಕಳಿಸಿಕೊಡುವ ಊಟ ತೆರ್ನೆಯವರಿಗೆ ದೊಡ್ಡ ವ್ಯವಹಾರ. ನಮ್ಮ ಮಾತು ಹೇಗೆ ನಡೆಯುತ್ತದೆ ನೋಡಿ ಎಂದು ಏಷ್ಯಾದ ಎಲ್ಲ ಬಂದರುಗಳಿಗೂ ತಮ್ಮ ಸಭೆಗೂ ಅದನ್ನು ನೇರವಾಗಿ ತೋರಿಸುತ್ತಿದ್ದರು. ಊಟಕ್ಕೆ ಮೊದಲು ವನಜಾಕ್ಷಿ ಅಮ್ಮನನ್ನು ಅಡುಗೆಮನೆಗೆ ಕರೆದು, ಇವತ್ತು ಮಾತ್ರ ಇರಿ ಎನ್ನಬೇಡ ಎಂದು ಕೈ ಹಿಡಿದು ಹೇಳಿದಳು. ಗುಲಾಬಕ್ಕ ಸಿಹಿಗೆಂದು ಮಾಡಿದ ಹಾಲುಬಾಯಿ ಕತ್ತರಿಸುತ್ತ, ತನಗೆ ಅಷ್ಟು ಬುದ್ಧಿಯಿಲ್ಲವೇ ಎಂದು ಸಿಡುಕಿದಳು.

ಅಂಗಳದಲ್ಲಿ ಎಲೆ ಹಾಕಿ ಊಟವಾಯಿತು. ಸಿಗ್ನೆ ಎಲೆ ಮಡಚಿ ಎದ್ದಳು. ಎದ್ದವಳು ಗುಲಾಬಕ್ಕನ ಕಾಲು ಮುಟ್ಟಲು ಬಗ್ಗಿದಳು. ಅದು ತೆರ್ನೆಯ ಪದ್ಧತಿಯಲ್ಲ, ಈ ಮನೆಯಲ್ಲಿ ಕಲಿತದ್ದು. ಮುದುಕಿಯ ಅಷ್ಟೂ ಬುದ್ಧಿ ಆಗ ಕರಗಿತು.

"ಇದೆಂತ ಅವಸರ ಸಿಂಗಾರಮ್ಮ," ಎಂದಳು. "ಇನ್ನ್ ನಾಕ್ ದಿನ ಇದ್ಕಂಡ್ ಹೋದ್ರೆ ಆತಿಲ್ಯಾ?"

ಶೀನ ಖಾರ್ವಿ ಅತ್ತ ಕಡೆಯಿಂದ ಕೈ ತೊಳೆಯುತ್ತ, ಹಿರಿಯವರ ಮಾತಿಗೆ ದನಿಗೂಡಿಸಬೇಕಾದ್ದು ಗಂಡಸಿನ ಮರ್ಯಾದೆ ಎಂಬಂತೆ, ನಿಮ್ಮ ಬೈಗುಳ ಕೇಳದೆ ನಮಗೆ ಬೆಳಗಾಗುವುದಾದರೂ ಹೇಗೆ, ಇರಿ ಮಾರಾಯ್ರೆ ಎಂದ. ಜನ ನಕ್ಕರು. ಯೋರುನ್ ನಗಲಿಲ್ಲ.

ಎರಡು ಮಾತಾಗಿತ್ತು. ವನಜಾಕ್ಷಿ ತಡೆಯಲೆಂದೇ ಮುಂದೆ ಬಂದಳು. ಹೋಗಿ ಬನ್ನಿ ಎಂದು ಗಟ್ಟಿಯಾಗಿ ಹೇಳಿ ಅಲ್ಲಿಗೆ ಮುಗಿಸಬೇಕೆಂದೇ ಬಂದಳು. ಸಿಗ್ನೆ ತಿರುಗಿ ಅವಳನ್ನು ಅಪ್ಪಿಕೊಂಡಳು. ಇಷ್ಟು ವರ್ಷ ಕಂಬದ ಆಚೆಯಿಂದ ಮಾತ್ರ ಕೇಳಿದ್ದ ಆ ಎದೆಯ ಉಸಿರು ಈಗ ನೇರವಾಗಿ ತನ್ನ ಎದೆಗೆ ತಾಗಿದಾಗ, ಮುಚ್ಚಿಕೊಳ್ಳುವ ಚಿಪ್ಪುಗಳ ಮೌನ ಅವಳ ಕಿವಿ ತುಂಬಿತು.

"ಇರಿ ಅಕ್ಕ," ಎಂದಳು. "ಇನ್ನೊಂದ್ ಮಳೆಗಾಲ."

ತೆರ್ನೆಯವರೆಲ್ಲ ಎದ್ದು ನಿಂತರು. ಮದುವೆಮನೆಯ ಹಾಗಿದ್ದ ಅಂಗಳದಲ್ಲಿ ಏನಾಯಿತೆಂದು ಊರಿನವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಯೋರುನ್ ಸಿಗ್ನೆಯ ಕಡೆ ನೋಡಿ, ತಮ್ಮ ಮಾತಿನಲ್ಲಿ ಒಂದೇ ವಾಕ್ಯ ಹೇಳಿದ. ಅವಳು ತಲೆ ಬಾಗಿಸಿದಳು.

ಮರುದಿನ ಕೇಂದ್ರದಲ್ಲಿ ಯೋರುನನ ಮುಂದೆ ವನಜಾಕ್ಷಿ ಬೇಡಿಕೊಂಡಳು. ಇದು ನಮ್ಮ ಕಡೆಯ ಉಪಚಾರದ ಮಾತು, ಇದಕ್ಕೆ ಕಟ್ಟುಪಾಡಿಲ್ಲ ಎಂದು ದಿನಕರನೂ ಹೇಳಿದ. ಯೋರುನ್ ಕಲ್ಲೆದೆಯವನಲ್ಲ. ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣು ಅವನದು. ಮೊದಲಿಬ್ಬರದು ಉಪಚಾರ ಎಂದು ತಾನು ವಾದಿಸಬಲ್ಲೆ, ಮೂರನೆಯದನ್ನು ಹೇಗೆ ವಾದಿಸಲಿ, ಕಾಲ ಗೊತ್ತು ಮಾಡಿ ಕೇಳಿದ ಮಾತದು ಎಂದ. ಒಂದು ಬಂದರಿನಲ್ಲಿ ಮಾತು ಸಡಿಲಿಸಿದರೆ ನಾಳೆ ಚಟ್ಟಗ್ರಾಮದವರು, ಮೆಕಾಂಗಿನವರು ನಮ್ಮ ಹಾಡುಗಾರರು ಬಿರುಗಾಳಿಯ ನಡುವೆ ಬಿಟ್ಟು ಓಡುವುದಿಲ್ಲ ಎಂದು ಯಾವ ನೆಚ್ಚಿಕೆಯ ಮೇಲೆ ನಂಬಬೇಕು ಎಂದು ಕೇಳಿದ. ಬಿಡುಗಡೆಗೆ ಒಂದೇ ದಾರಿ. ಕೇಳಿದವಳು ಎಲ್ಲ ಬಂದರುಗಳ ಮುಂದೆ ನಿಂತು, ತಾನು ಆಡಿದ್ದು ಸುಳ್ಳು ಎನ್ನಬೇಕು. ಹಾಗೆಂದರೆ ಸಿಗ್ನೆ ಹೊರಡಬಹುದು. ಆದರೆ ಸುಳ್ಳಾಡಿದ ಬಂದರಿಗೆ ತೆರ್ನೆ ಮತ್ತೆ ಬೀಜ ಕೊಡುವುದಿಲ್ಲ. ವರ್ಷ ವರ್ಷ ಹೊಸ ಬೀಜ ಬೀಳದಿದ್ದರೆ ಗೋಡೆ ಹತ್ತಿಪ್ಪತ್ತು ಮಳೆಗಾಲಕ್ಕೆ ಬರಿಯ ಕಲ್ಲಾಗಿ ಒಡೆಯುತ್ತದೆ.

ವನಜಾಕ್ಷಿ ಜೆಟ್ಟಿಗೆ ನಡೆದಳು. ಬೆಳಗಿನ ಹಾಡು ಮುಗಿಸಿ ಸಿಗ್ನೆ ಕೋಣೆಯ ಹೊಸ್ತಿಲಲ್ಲಿ ಕೂತಿದ್ದಳು. ಹೊರಗೆ ಅವಳ ಹಡಗು ಲಂಗರು ಹಾಕಿ ನಿಂತಿತ್ತು.

"ಸುಳ್ಳು ಅಂದು ಬಿಡ್ತೇನೆ ಅಕ್ಕ," ಎಂದಳು ವನಜಾಕ್ಷಿ. "ಹತ್ತಿಪ್ಪತ್ ವರ್ಷ ಉಂಟಲ್ಲ, ಅಷ್ಟರಲ್ಲಿ ಮತ್ತೇನಾದ್ರೂ ದಾರಿ ಸಿಗ್ತದೆ."

"ನೀ ಹಾಂಗೆ ಅಂತಿ ಅಂದೇಳಿ ಗೊತ್ತಿತ್ತ್." ಸಿಗ್ನೆ ಪಕ್ಕದ ಜಾಗ ತೋರಿಸಿದಳು. "ನಾ ಕೇಂಬುದ್ ಅದಲ್ಲ. ನೀ ನಿನ್ನೆ ಹೇಳದ್ದ್ ಸುಳ್ಳಾ?"

ವನಜಾಕ್ಷಿ ಕೂತಳು. ಸುಳ್ಳು ಎನ್ನಲು ಬಾಯಿ ತೆರೆದಳು. ಎಲ್ಲ ಬಂದರುಗಳ ಮುಂದೆ ಆ ಮಾತು ಹೇಳಲು ಅವಳು ಸಿದ್ಧಳಾಗಿಯೇ ಬಂದಿದ್ದಳು. ಈ ಒಬ್ಬಳ ಮುಂದೆ ಬಾಯಿಗೆ ಬರಲಿಲ್ಲ. ಕಾವ್ಯ ಓದುವವರು ತಿಳಿಯದ ಪದವನ್ನು ನುಂಗಬಹುದು, ಇಲ್ಲದ ಪದವನ್ನು ಸೇರಿಸಬಾರದು ಎಂದು ಅಪ್ಪ ಹೇಳಿಕೊಟ್ಟ ನಾಲಿಗೆ ಅದು. ಅಲೆ ಬಂದು ಕಂಬಗಳ ನಡುವೆ ಮುರಿದು ಹಿಂದೆ ಹೋಯಿತು.

"ಸುಳ್ಳಲ್ಲ," ಎಂದಳು. "ನಂಗೆ ಹೆದರಿಕೆ."

"ಹಂಗಾರೆ ಆಯ್ತ್," ಎಂದಳು ಸಿಗ್ನೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು, ಗಂಜಿ ತಣ್ಣಗಾಗುತ್ತದೆ, ಗುಲಾಬಕ್ಕ ಬೈಯುತ್ತಾಳೆ ಎಂದು ಕೈ ಹಿಡಿದು ಎಬ್ಬಿಸಿದಳು. ಅವರು ಮನೆ ಮುಟ್ಟುವ ಮೊದಲೇ ಹಡಗಿನ ಕೂಗು ಕೇಳಿತು. ಸಿಗ್ನೆ ತಿರುಗಿ ನೋಡಲಿಲ್ಲ.

ಮಳೆಗಾಲ ಬಂತು. ಕಡಲು ಎಂದಿನಂತೆ ಎದ್ದು, ಗೋಡೆಗೆ ತಲೆ ಚಚ್ಚಿಕೊಂಡು, ಸೋತು ಸುಮ್ಮನಾಯಿತು. ಬೆಳ್ಕೋಡಿಯ ಒಂದು ತೆಂಗಿನ ಮರವೂ ಉರುಳಲಿಲ್ಲ. ಊರಿನವರು ಸಿಗ್ನೆಯನ್ನು ಕಂಡರೆ ಕೈ ಮುಗಿಯತೊಡಗಿದ್ದರು, ಅವಳು ಬೈದರೂ ಈಗ ಯಾರೂ ನಗುತ್ತಿರಲಿಲ್ಲ. ಗುಲಾಬಕ್ಕ ಅಂದಿನಿಂದ ಅವಳಿಗೆ ಎದುರು ಕೂತು ಉಣ್ಣಲಿಲ್ಲ, ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು. ಒಮ್ಮೆ ಸಿಗ್ನೆಯೇ ಅಡುಗೆಮನೆಗೆ ನುಗ್ಗಿ, ಬಂಗುಡೆಯ ಸಾರಿಗೆ ಉಪ್ಪು ಹಾಕದವಳು ನನ್ನ ಮುಖ ನೋಡಲು ಹೆದರುವುದು ಸರಿಯೇ ಎಂದು ಜಗಳ ತೆಗೆದಳು. ಮುದುಕಿ ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಸಾರಿನ ರುಚಿ ನೋಡಿ, ಉಪ್ಪು ಹಾಕಿದಳು.

ಕಂಬದ ಬಳಿ ಇಬ್ಬರೂ ಹಾಡುತ್ತಲೇ ಇದ್ದರು. ವನಜಾಕ್ಷಿ ಒಬ್ಬಳೇ ಹಾಡುವ ಪರೀಕ್ಷೆಯನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ. ಸಮುದ್ರಪೂಜೆಯ ದಿನ ಊರಿನವರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟರು. ಸಿಗ್ನೆ ತಾನೂ ಒಂದು ಕಾಯಿ ಬೇಡಿ ಪಡೆದು, ತನ್ನ ಭಾಷೆಯಲ್ಲಿ ಏನೋ ಹೇಳಿ ಬಿಟ್ಟಳು. ಏನೆಂದು ಯಾರೂ ಕೇಳಲಿಲ್ಲ.

ಬಡಗಣ ಕಡಲಿನಲ್ಲಿ ಬಿರುಗಾಳಿ ಆ ವರ್ಷ ಬೇಗ ಎದ್ದಿತು. ಮೊದಲ ದಿನಗಳಲ್ಲಿ ಅಸ್ತಾ ಎರಡು ಹೊತ್ತಿನ ಬದಲು ದಿನವಿಡೀ ಹಾಡಿದಳು. ಕೇಂದ್ರದಲ್ಲಿ ಸಿಗ್ನೆ ಊಟ ಬಿಟ್ಟು ಕೂತು ಕೇಳಿದಳು. ಸುದ್ದಿಗಳು ಬರುತ್ತಿದ್ದವು: ತೆರ್ನೆಯ ಜನರನ್ನು ನೆರೆಯ ದೇಶಗಳ ಹಡಗುಗಳು ಹತ್ತಿಸಿಕೊಳ್ಳುತ್ತಿವೆ, ಬಂದರಿನ ಗೋಡೆ ನಿಂತಷ್ಟು ಹೊತ್ತು ಹಡಗು ಬಳಿ ಬರಲು ಸಾಧ್ಯ. ಆದ್ದರಿಂದ ಅಸ್ತಾ ಕಂಬ ಬಿಡಲಿಲ್ಲ. ಇಬ್ಬರಿದ್ದರೆ ಒಬ್ಬಳು ಹಾಡುವಾಗ ಇನ್ನೊಬ್ಬಳು ಉಸಿರು ತೆಗೆದುಕೊಳ್ಳಬಹುದಿತ್ತು. ವನಜಾಕ್ಷಿ ಅದನ್ನು ಲೆಕ್ಕ ಹಾಕುತ್ತಿದ್ದಾಳೆಂದು ದಿನಕರನಿಗೆ ತಿಳಿದು, ಅವಳ ಮುಂದಿನ ಪರದೆಯನ್ನು ಆರಿಸಲು ಹೋದ. ಅವಳು ಬೇಡವೆಂದು ಕೈ ಅಡ್ಡ ಹಿಡಿದಳು.

ಒಂದು ಮಧ್ಯಾಹ್ನ, ಜನರನ್ನು ತುಂಬಿಕೊಂಡ ಕೊನೆಯ ಹಡಗು ಹೊರಟಿತು ಎಂದು ಸುದ್ದಿ ಬಂತು. ಆಮೇಲೂ ಅಸ್ತಾ ಹಾಡುತ್ತಿದ್ದಳು. ಹಡಗು ಬಯಲ ಕಡಲಿಗೆ ಬೀಳುವ ತನಕ ಗೋಡೆ ನಿಲ್ಲಬೇಕಿತ್ತು. ಅವಳ ದನಿ ಈಗ ಹಾಡಾಗಿರಲಿಲ್ಲ. ಒಂದು ಸಾಲಿನ ತುದಿ, ಕೆಮ್ಮು, ಮತ್ತೊಂದು ಸಾಲಿನ ಮೊದಲು. ಹಿಂದೆ ಅರಳಿನ ಸದ್ದು ಅಲ್ಲೊಂದು ಇಲ್ಲೊಂದು. ಸಿಗ್ನೆ ಯಂತ್ರವನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು, ತಂಗಿ ಮುರಿದ ಸಾಲುಗಳನ್ನು ಇಲ್ಲಿ ಕೂತು ತಾನು ಪೂರ್ತಿ ಮಾಡುತ್ತಿದ್ದಳು. ಅಸ್ತಾಳಿಗೆ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ನೀರಿನ ಸದ್ದು ಬಂತು. ಬಹಳ ಹೊತ್ತು ಬರಿಯ ನೀರಿನ ಸದ್ದೇ ಬರುತ್ತಿತ್ತು. ದಿನಕರ ಎದ್ದು ನಿಂತ, ಅಷ್ಟು ಬಿಟ್ಟರೆ ಅವನಿಗೆ ಮಾಡಲು ಏನೂ ತೋಚಲಿಲ್ಲ.

ಸಾವಿನ ಮನೆಗೆ ಬರುವಂತೆ ಊರಿನವರು ವನಜಾಕ್ಷಿಯ ಅಂಗಳಕ್ಕೆ ಬಂದು ಕೂತರು. ಅಂದು ಯಾರ ಮನೆಯಲ್ಲೂ ಮೀನು ಬೇಯಲಿಲ್ಲ. ಶೀನ ಖಾರ್ವಿ ತಲೆಗೆ ಕಟ್ಟಿದ ಮುಂಡಾಸು ತೆಗೆದು ಕೈಯಲ್ಲಿ ಹಿಡಿದು ಜಗಲಿಯ ಕಂಬಕ್ಕೊರಗಿ ನಿಂತಿದ್ದ. ತಂಗಿಯ ಹೆಸರಿಗೆ ದೀಪ ಹಚ್ಚುವುದು ಯಾವ ದಿಕ್ಕಿಗೆ ಎಂದು ಯಾರೋ ಕೇಳಿದರು. ಗುಲಾಬಕ್ಕ ಮೂಲೆಯಲ್ಲಿ ಕೂತವಳು ಮಗಳನ್ನು ಕರೆದಳು.

"ಒಬ್ರ್ ಸತ್ರೆ ಇಷ್ಟ್ ದಿನ ಸೂತಕ ಅಂದೇಳಿ ಉಂಟ್. ಒಂದ್ ದೇಶವೇ ಹೋದ್ರೆ ಎಷ್ಟ್ ದಿನ, ಹೆಣ್ಣೇ?"

ಸಿಗ್ನೆಗೆ ಅದು ಕೇಳಿಸಿತು. ಅವಳು ಹೊರಗೆ ಬಂದು ಮುದುಕಿಯ ಪಕ್ಕ ಕೂತು, ಅವಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಸಮಾಧಾನ ಹೇಳಬೇಕಾದವರಿಗೆ ಅವಳೇ ಸಮಾಧಾನ ಹೇಳುವ ಹಾಗಿತ್ತು. ಬಿಸಿಲು ಇಳಿಯಿತು. ಸಂಜೆಯ ಹಾಡಿನ ಹೊತ್ತಾಯಿತು. ಇವತ್ತು ಬೇಡ ಎಂದು ಯಾರಾದರೂ ಹೇಳಲಿ ಎಂದು ಎಲ್ಲರೂ ಕಾದರು. ಆ ಮನೆಯಲ್ಲಿ ಇನ್ನು ಯಾರ ಬಾಯಿಗೂ ಅವಳನ್ನು ತಡೆಯುವ ಧೈರ್ಯವಿರಲಿಲ್ಲ. ಸಿಗ್ನೆ ಎದ್ದು ಜೆಟ್ಟಿಯ ಕಡೆ ಹೊರಟಳು. ವನಜಾಕ್ಷಿ ಹಿಂದೆ ನಡೆದಳು. ದಿನಕರ ಕೇಂದ್ರಕ್ಕೆ ಹೋದ.

ಕೋಣೆಯಲ್ಲಿ ಇಬ್ಬರೂ ಕಂಬವನ್ನು ಅಪ್ಪಿದರು. ಸಿಗ್ನೆ ಹುಟ್ಟು ಹಾಕುವ ಹಾಡು ಎತ್ತಿಕೊಂಡಳು. ವನಜಾಕ್ಷಿ ಅದರ ಬೆನ್ನಿಗೆ ಪದ್ಯ ಹಿಡಿದಳು. ದಿನವೂ ಕಿವಿಗೆ ಹಾಕಿಕೊಳ್ಳುತ್ತಿದ್ದ ಯಂತ್ರವನ್ನು ಅವಳು ಅಂದು ಅಂಗಳದಲ್ಲೇ ಮರೆತು ಬಂದಿದ್ದಳು. ಒಂದೆರಡು ಸಾಲು ನಡೆದವು. ಮೂರನೆಯದರ ನಡುವೆ, ಅಸ್ತಾ ಮುರಿಯುತ್ತಿದ್ದ ಹಾಗೆಯೇ, ಸಿಗ್ನೆಯ ದನಿ ಮುರಿಯಿತು. ಅವಳ ಕೈಗಳು ಕಂಬದಿಂದ ಜಾರಿದವು. ಅವಳು ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನೆಲಕ್ಕೆ ಕುಸಿದು ಕೂತದ್ದು ವನಜಾಕ್ಷಿಗೆ ಕಂಬದ ಈಚೆಯಿಂದ ಕಾಣಿಸಲಿಲ್ಲ, ಕೇಳಿಸಿತು.

ವನಜಾಕ್ಷಿ ಹಾಡು ನಿಲ್ಲಿಸಲಿಲ್ಲ. ಗೋಡೆಯ ನೆನಪು ಅವಳಿಗೆ ಬರಲಿಲ್ಲ, ಊರಿನ ನೆನಪೂ ಬರಲಿಲ್ಲ. ನೆಲದ ಮೇಲೆ ಕೂತವಳಿಗೆ ಕೇಳಲೆಂದು ಹಾಡಿದಳು. ಹಿಂದೆ ಅಪ್ಪ ಮಕ್ಕಳು ಸತ್ತ ಮನೆಗಳಿಗೆ ಹೋಗಿ, ಯಾವ ಮಾತೂ ಆಡದೆ, ಕಾವ್ಯವೊಂದನ್ನು ನಡುವಿನಿಂದ ತೆರೆದು ಓದಿ ಬರುತ್ತಿದ್ದ ಹಾಗೆ. ಉಸಿರು ಎಲ್ಲಿಯವರೆಗೆ ಎಳೆಯುತ್ತದೋ ಅಲ್ಲಿಯವರೆಗೆ ಸಾಲು ನಡೆಯಿತು. ಪದ್ಯ ಮುಗಿಯಿತು. ಇನ್ನೊಂದು ನಡೆಯಿತು. ಹೊರಗೆ ಕಡಲಿನ ಮೇಲೆ ಕತ್ತಲೆಯಾಗುತ್ತಿತ್ತು.

ಬಾಗಿಲ ಮೇಲಿನ ಸಣ್ಣ ಧ್ವನಿಪೆಟ್ಟಿಗೆ ಕರಕರ ಎಂದಿತು. ಕೇಂದ್ರದಿಂದ ದಿನಕರ. ಹೇಳಬೇಕೋ ಬಾರದೋ ಎಂದು ತಡೆತಡೆದು ಬರುವ ದನಿ.

"ವನಜಕ್ಕ, ಆಗ್ಳಿಂದ ನೀವೊಬ್ರೇ ಹಾಡೂದ್. ಒಂದೂ ಮುಚ್ಚಲಿಲ್ಲ. ಎಲ್ಲಾ ತೆರ್ದೇ ಇತ್ತ್."

ಆ ಮಾತು ಕೋಣೆಯಲ್ಲಿ ನಿಂತಿತು. ಕಂಬದ ಆಚೆಯಿಂದ ಸಿಗ್ನೆಯ ಉಸಿರಾಟ ಕೇಳುತ್ತಿತ್ತು. ಇನ್ನು ಅವಳನ್ನು ಹಿಡಿದಿಡುವ ಕರಾರು ಯಾವುದೂ ಉಳಿದಿರಲಿಲ್ಲ, ಮರಳಿ ಹೋಗಲು ದೇಶವೂ ಉಳಿದಿರಲಿಲ್ಲ.

ಪದ್ಯದ ಕೊನೆಯ ಸಾಲು ಬಂತು. ಅಲ್ಲಿ ನಿಲ್ಲಿಸಿದರೆ ಕಂಬ ಬಿಟ್ಟು ಆ ಕಡೆ ಹೋಗಬೇಕು, ಅಲ್ಲಿ ಕೂತವಳ ಮುಖ ನೋಡಬೇಕು, ಏನಾದರೂ ಒಂದು ಮಾತು ಆಡಬೇಕು. ವನಜಾಕ್ಷಿ ಎದೆಯನ್ನು ಕಂಬಕ್ಕೆ ಇನ್ನಷ್ಟು ಒತ್ತಿ, ಉಸಿರು ತುಂಬಿಕೊಂಡು, ಮುಂದಿನ ಪದ್ಯವನ್ನು ಎತ್ತಿಕೊಂಡಳು.